ಬೆಳಕಿನ ಹಾಲು ತೆಗೆಯುವ ಅಜ್ಜಿ

ಶೀಲಾವತಿ ಬಾಯಿ ತೆರೆದರೆ ಬುರುಡೆ ಎಂಬುದು ಕಡಬದಿಂದ ಸುಳ್ಯದವರೆಗೆ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಜನ ನಿಂತು ಕೇಳುತ್ತಿದ್ದರು. ಅವಳ ಹುಂಜ ಒಮ್ಮೆ ಮುನಿಸಿಕೊಂಡು ಬಸ್ಸು ಹತ್ತಿ ಪುತ್ತೂರಿಗೆ ಹೋಗಿ, ದರ್ಬೆಯಲ್ಲಿ ಇಳಿದು, ಪೇಟೆ ಸರಿಬಾರದೆ ಅದೇ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ವಾಪಸು ಬಂದಿತ್ತು. ಅವಳ ಕತ್ತಿ ಎಷ್ಟು ಹರಿತವೆಂದರೆ, ಇವತ್ತು ಕೊಯ್ದದ್ದು ರಬ್ಬರ್ ಮರಕ್ಕೆ ಗೊತ್ತಾಗುವುದು ನಾಳೆ. ಇಂಥ ಮಾತಿಗೆ ಅವಳು ಯಾವತ್ತೂ ಆಣೆ ಹಾಕಿದವಳಲ್ಲ, ಹಾಕು ಎಂದು ಯಾರೂ ಕೇಳಿದವರೂ ಅಲ್ಲ. ನಕ್ಕರೆ ಸಾಕು, ಅವಳಿಗೆ ಹೊಟ್ಟೆ ತುಂಬುತ್ತಿತ್ತು.

ಅಂಥವಳು ಜೀವಮಾನದಲ್ಲಿ ಮೊದಲ ಸಲ ನಿಜ ಹೇಳಲು ಶುರುಮಾಡಿದಾಗ ಒಬ್ಬನೂ ನಂಬಲಿಲ್ಲ. ಅಲ್ಲಿಗೆ ಬಂತು ಗ್ರಹಚಾರ.

ನೆಕ್ಕರೆಕಾನ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಅವಳ ಕೆಲಸ. ಬೆಳಗು ಹರಿಯುವ ಮೊದಲೇ ತಲೆಗೆ ಲೈಟು ಕಟ್ಟಿಕೊಂಡು ಮರದಿಂದ ಮರಕ್ಕೆ ಓಡಬೇಕು, ಸಿಪ್ಪೆಯನ್ನು ಓರೆಯಾಗಿ ಗೀರಬೇಕು, ಗೀರಿದಲ್ಲಿಂದ ಹಾಲು ಇಳಿದು ಕೆಳಗೆ ಕಟ್ಟಿದ ತೆಂಗಿನ ಗೆರಟೆಗೆ ತೊಟ್ಟಿಕ್ಕಬೇಕು. ಆಮೇಲೆ? ಆಮೇಲೆ ಕೂರಬೇಕು. ಹಾಲು ಇಳಿದು ಮುಗಿಯುವವರೆಗೆ ಯಾರೂ ಏನೂ ಮಾಡುವಂತಿಲ್ಲ. ಮರವನ್ನು ಹಿಂಡಲಿಕ್ಕೆ ಅದೇನು ಎಮ್ಮೆಯೇ? ಬಿಸಿಲು ಏರುವ ಹೊತ್ತಿಗೆ ಬಕೆಟು ಹಿಡಿದು ಗೆರಟೆಗಳಿಂದ ಹಾಲು ಒಟ್ಟು ಮಾಡಿದರಾಯಿತು. ತಡಮಾಡಿದರೆ ಮಾತ್ರ ಕೆಟ್ಟಿತು. ಹಾಲು ಗೆರಟೆಯಲ್ಲೇ ಹೆಪ್ಪುಗಟ್ಟಿ ಮುದ್ದೆಯಾಗುತ್ತದೆ. ಚೊಕ್ಕ ಹಾಳೆಯಾಗಬೇಕಾದ್ದು ಗುಜರಿ ಮಾಲಾಗುತ್ತದೆ.

ಆ ನಡುವಿನ ಹೊತ್ತಿನಲ್ಲಿ ಬೇರೆಯವರು ಬೀಡಿ ಸೇದಿದರು, ಮೊಬೈಲು ಒತ್ತಿದರು, ಎಲೆಯಡಿಕೆ ಜಗಿದರು. ಶೀಲಾವತಿ ಕಾದಂಬರಿ ಓದಿದಳು.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಕಾದಂಬರಿ ಸಿಕ್ಕಿದ್ದು ಹೇಗೆಂದರೆ, ಒಮ್ಮೆ ರೇಷನ್ ಕಾರ್ಡಿನಲ್ಲಿ ಹೆಸರು ಸರಿಮಾಡಿಸಲು ಪಂಚಾಯತಿಗೆ ಹೋಗಿದ್ದಳು. ಕಂಪ್ಯೂಟರ್ ಎದ್ದಿರಲಿಲ್ಲ. ಪಕ್ಕದ ಕೋಣೆಯೇ ಲೈಬ್ರರಿ, ಅಲ್ಲಿ ಫ್ಯಾನು ತಿರುಗುತ್ತಿತ್ತು. ಹೋಗಿ ಕೂತಳು. ಲೈಬ್ರರಿ ನೋಡಿಕೊಳ್ಳುವ ಭವಿತಾ ಎಂಬ ಹುಡುಗಿ, "ಅಕ್ಕಾ, ಇಲ್ಲಿ ಸುಮ್ಮನೆ ಕೂರ್ಲಿಕ್ಕಿಲ್ಲ, ಒಂದು ಪುಸ್ತಕ ಹಿಡ್ಕೊಂಡು ಕೂತ್ಕೊಳ್ಳಿ" ಎಂದು ನಗುತ್ತಾ ಕೈಗೆ ಸಿಕ್ಕಿದ್ದೊಂದನ್ನು ಕೊಟ್ಟಳು. ಶೀಲಾವತಿ ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಗುಡ್ಡ ಹತ್ತುವವಳ ಹಾಗೆ ಮೊದಲ ಪುಟ ಹತ್ತಿದಳು. ಅದರಲ್ಲಿ ಒಬ್ಬ ರಾಜ ತನ್ನ ನೆರಳನ್ನು ಅಡವಿಟ್ಟು ಯುದ್ಧ ಗೆದ್ದಿದ್ದ. ಈಗ ನೆರಳು ಬೇರೊಬ್ಬನ ಮನೆಯಲ್ಲಿ ಜೀತಕ್ಕಿತ್ತು. ರಾಜ ಬಿಸಿಲಿಗೆ ಬಂದರೆ ಮರ್ಯಾದೆ ಹೋಗುತ್ತಿತ್ತು.

"ಎಲಾ ಇವನ!" ಎಂದು ಶೀಲಾವತಿ ಫ್ಯಾನಿನ ಸದ್ದು ಮುಳುಗುವಷ್ಟು ಜೋರಾಗಿ ಹೇಳಿದಳು. "ಇವ ನಮ್ಮವನೇ!"

ತನ್ನ ಹುಂಜ ಬಸ್ಸು ಹತ್ತಿದ್ದೇ ದೊಡ್ಡದು ಎಂದು ಅವಳು ಇಷ್ಟು ವರ್ಷ ತಿಳಿದಿದ್ದಳು. ಇಲ್ಲಿ ನೋಡಿದರೆ ಗುರುತು ಪರಿಚಯ ಇಲ್ಲದ ಯಾರೋ ಒಬ್ಬ ಇಡೀ ರಾಜ್ಯವನ್ನೇ ಬುರುಡೆಯಲ್ಲಿ ಕಟ್ಟಿ, ಅದಕ್ಕೆ ಹೊಳೆ, ಗುಡ್ಡ, ಮಾರ್ಗ ಎಲ್ಲ ಹಾಕಿ, ಅಚ್ಚು ಹಾಕಿಸಿ, ರಟ್ಟು ಹೊದೆಸಿ ಇಟ್ಟಿದ್ದಾನೆ! ಸರಕಾರವೇ ಅದನ್ನು ಕಪಾಟಿನಲ್ಲಿಟ್ಟು ಕಾಯುತ್ತಿದೆ! ರೇಷನ್ ಕಾರ್ಡು ಅವತ್ತು ಸರಿಯಾಗಲಿಲ್ಲ. ಅವಳಿಗೆ ಅದು ನೆನಪಾದದ್ದೂ ಇಲ್ಲ.

ಅಲ್ಲಿಂದ ಮುಂದೆ ಆ ಕಪಾಟನ್ನು ಅವಳು ಹಲಸಿನ ಹಣ್ಣು ಬಿಡಿಸಿದ ಹಾಗೆ ಬಿಡಿಸಿದಳು. ಬೆಂಕಿ ಉಗುಳುವ ಹಾವು, ನಿನ್ನೆಗೆ ಹೋಗಿ ಬರುವ ಯಂತ್ರ, ಮನುಷ್ಯರನ್ನು ಕೂಲಿಗಿಟ್ಟ ರೋಬೋಟು, ಯಾವುದನ್ನೂ ಬಿಡಲಿಲ್ಲ. ಭವಿತಾ ಒಂದೆರಡು ಸಲ ಜೀವನಕ್ಕೆ ದಾರಿ ತೋರಿಸುವ ಪುಸ್ತಕ ಕೊಡಲು ನೋಡಿದಳು.

"ಬೇಡ ಮಾರಾಯ್ತಿ," ಎಂದಳು ಶೀಲಾವತಿ. "ಓದಿ ನಾನು ಸುಧಾರಿಸ್ಲಿಕ್ಕೆ ಎಂತ ಉಂಟು ಇನ್ನು? ನನಗೆ ಖುಷಿ ಆಗ್ಬೇಕು, ಅಷ್ಟೆ. ಎರಡು ಚಂದ್ರ ಇರುವ ಊರಿದ್ದು ಇದ್ರೆ ಕೊಡು."

ಕಾಯುವ ಹೊತ್ತಿನಲ್ಲಿ ಅವಳ ಜೊತೆ ಕೂರುವವರು ಇಬ್ಬರು. ಒಬ್ಬಳು ಪಾತು, ಪಕ್ಕದ ಸಾಲಿನ ಮರಗಳ ಟ್ಯಾಪರ್, ಅಳುವುದಕ್ಕೂ ನಗುವುದಕ್ಕೂ ಒಂದೇ ಸೆರಗು ಬಳಸುವ ಬ್ಯಾರಿ ಹೆಂಗಸು. ಇನ್ನೊಬ್ಬ ಕುಶಾಲಪ್ಪ, ಯಾವುದನ್ನೂ ನಂಬುವುದಿಲ್ಲವೆಂದು ಹಟ ತೊಟ್ಟ ಮುದುಕ. ಶೀಲಾವತಿ ಒಂದು ಪುಟ ತನ್ನಷ್ಟಕ್ಕೆ ಓದುವಳು, ತಲೆಯೆತ್ತಿ ಅದನ್ನು ಇಬ್ಬರಿಗೂ ಹೇಳುವಳು, ಮತ್ತೆ ತಲೆ ತಗ್ಗಿಸುವಳು. ಕೋಳಿ ನೀರು ಕುಡಿದ ಹಾಗೆ.

ಆ ಬೇಸಿಗೆಯಲ್ಲಿ ಅವಳ ಕೈಯಲ್ಲಿದ್ದದ್ದು 'ನೂರು ತಲೆಮಾರಿನ ಹಡಗು' ಎಂಬ ದಪ್ಪ ಕಾದಂಬರಿ. ಆಕಾಶದಲ್ಲಿ ಹೋಗುವ ಹಡಗು. ಹೊರಟವರು ತಲುಪುವುದಿಲ್ಲ, ಅವರ ಮಕ್ಕಳ ಮಕ್ಕಳ ಮಕ್ಕಳು ತಲುಪಬೇಕು.

"ಹಡಗು ಎಷ್ಟು ಉದ್ದ?" ಎಂದು ಕೇಳಿದ ಕುಶಾಲಪ್ಪ.

"ಮೂತಿ ಕಬಕದಲ್ಲಿ ಇದ್ರೆ ಬಾಲ ಗುಂಡ್ಯದಲ್ಲಿ."

"ಪುಸ್ತಕದಲ್ಲಿ ಗುಂಡ್ಯ ಅಂತ ಉಂಟಾ?"

"ಪುಸ್ತಕದಲ್ಲಿ ಎಂತದೋ ಮೈಲಿ ಉಂಟು. ನಿಮ್ಮ ತಲೆಗೆ ಹೋಗ್ಲಿ ಅಂತ ನಮ್ಮ ಅಳತೆಗೆ ತಂದೆ."

"ಲೊಟ್ಟೆ, ಶುದ್ಧ ಸುಳ್ಳು," ಎಂದ ಕುಶಾಲಪ್ಪ, ಮತ್ತು ಹತ್ತಿರ ಸರಿದು ಕೂತ.

ಹಡಗಿನಲ್ಲಿ ಸದ್ದು ತಿನ್ನುವ ಒಂದು ಪ್ರಾಣಿಯಿತ್ತು. ಅದು ಮಲಗುವ ಕೋಣೆಯಲ್ಲಿ ಮಗು ಅತ್ತರೂ ಕೇಳಿಸುತ್ತಿರಲಿಲ್ಲ. ಒಂದು ಬಾಗಿಲಿತ್ತು, ಅದನ್ನು ದಾಟಿದವನು ಹಿಂದಿನ ದಿನಕ್ಕೆ ಹೋಗಿ ತನ್ನದೇ ಊಟ ಕದ್ದು ತಿನ್ನುತ್ತಿದ್ದ. ಇದೆಲ್ಲಕ್ಕೂ ಕುಶಾಲಪ್ಪ ಲೊಟ್ಟೆ ಲೊಟ್ಟೆ ಎಂದು ತಾಳ ಹಾಕಿದ. ಅವನು ತಾಳ ಹಾಕದೆ ಬಾಯಿ ಮುಚ್ಚಿ ಕೇಳಿದ್ದು ಒಂದೇ, ಅಜ್ಜಿಯ ಸಂಗತಿ. ಹಡಗಿನ ತೀರಾ ಕೆಳಗಿನ ಅಟ್ಟದಲ್ಲಿ ಒಂದು ತೋಟ. ಆ ಮರಗಳನ್ನು ಗೀರಿದರೆ ಬೆಳಕು ಒಸರುತ್ತದೆ. ಒಬ್ಬ ಅಜ್ಜಿ ದಿನಾ ಮರ ಗೀರಿ, ಬೆಳಕು ಗೆರಟೆಗೆ ಇಳಿಯುವವರೆಗೆ ಕಾಲು ಚಾಚಿ ಕಾದು, ಬಕೆಟಿನಲ್ಲಿ ಒಟ್ಟು ಮಾಡಿ ಮೇಲೆ ಕಳಿಸುತ್ತಾಳೆ. ಇಡೀ ಹಡಗಿನ ದೀಪ ಅದರಿಂದಲೇ. ಮೇಲಿನವರಿಗೆ ಅವಳ ಹೆಸರೂ ಗೊತ್ತಿಲ್ಲ.

"ಇದು ಸರಿ," ಎಂದಿದ್ದ ಕುಶಾಲಪ್ಪ. "ಇದು ನಿಜ ಇರ್ಬಹುದು."

ಆ ದಿನ ಬಿಸಿಲು ಬೆಳಗ್ಗೆಯೇ ಬೆನ್ನು ಸುಡುತ್ತಿತ್ತು. ಕತೆಯೂ ಕಾದಿತ್ತು. ಎಷ್ಟೋ ತಲೆಮಾರಿನ ಮೇಲೆ ಮೊದಲ ಸಲ ಹಡಗಿನ ಕಿಟಕಿಯಲ್ಲಿ ಒಂದು ನೆಲ ಕಾಣುತ್ತಿದೆ, ನೀಲಿ ನೆಲ. ಎಲ್ಲರೂ ಕಿಟಕಿಗೆ ಮುಗಿಬಿದ್ದಿದ್ದಾರೆ. ಕೆಳಗಿನ ಅಟ್ಟದ ಅಜ್ಜಿಗೂ ಒಂದು ಸಣ್ಣ ಕಿಟಕಿಯುಂಟು. ಅವಳೂ ನೋಡುತ್ತಾ ನಿಂತಿದ್ದಾಳೆ. ಹೊತ್ತು ಹೋಗುತ್ತಿದೆ. ಅವಳ ಹಿಂದೆ ಗೆರಟೆಗಳಲ್ಲಿ ಬೆಳಕು ಮೆಲ್ಲಗೆ ಮೊಸರಾಗುತ್ತಿದೆ.

"ಪಡಚ್ಚೋನೇ!" ಎಂದು ಪಾತು ದೇವರನ್ನು ಕರೆದು ಸೆರಗು ಬಾಯಿಗೆ ಒತ್ತಿದಳು.

"ಅಜ್ಜೀ, ತಿರುಗಿ ನೋಡು!" ಎಂದು ಕೂಗಿದ ಕುಶಾಲಪ್ಪ ಎದ್ದೇ ನಿಂತ. "ಬಕೆಟು ತಗೊಳ್ಳೇ ಮಾರಾಯ್ತಿ, ಹೆಪ್ಪು ಕಟ್ಟುತ್ತಾ ಉಂಟು!"

"ಹೆಪ್ಪು ಕಟ್ಟಿ ಆಯ್ತು," ಎಂದಿತು ಹಿಂದಿನಿಂದ ಒಂದು ದನಿ.

ರೈಟರ್ ಮುರಳಿಕೃಷ್ಣ ನಿಂತಿದ್ದ. ತೋಟದ ಆಳು, ತೂಕ, ಲೆಕ್ಕ ನೋಡುವವನನ್ನು ಇಲ್ಲಿ ರೈಟರ್ ಎನ್ನುತ್ತಾರೆ. ಅವನ ಕೈಯಲ್ಲೊಂದು ಗೆರಟೆಯಿತ್ತು. ಅದನ್ನು ಅವನು ಮಗುಚಿದ. ಹಾಲು ಸುರಿಯಲಿಲ್ಲ, ಬಿಳಿ ಇಡ್ಲಿಯ ಹಾಗೆ ಒಂದು ಮುದ್ದೆ ನೆಲಕ್ಕೆ ಬಿದ್ದು ಒಮ್ಮೆ ಪುಟಿದು ಕುಶಾಲಪ್ಪನ ಕಾಲಿನ ಹತ್ತಿರ ನಿಂತಿತು. ಸೂರ್ಯ ನೆತ್ತಿಗೆ ಬಂದಿದ್ದ. ಮೂವರ ಸಾಲುಗಳಲ್ಲೂ ಒಂದು ತೊಟ್ಟು ಹಾಲು ಹಾಲಾಗಿ ಉಳಿದಿರಲಿಲ್ಲ.

ಮುರಳಿಕೃಷ್ಣ ಬೈದ. ಬೈಯುವುದು ನ್ಯಾಯವಾಗಿತ್ತು, ಶೀಲಾವತಿ ತಲೆ ತಗ್ಗಿಸಿ ಕೇಳಿದಳು. ಬೇಜವಾಬ್ದಾರಿ ಎಂದ, ಒಪ್ಪಿಕೊಂಡಳು. ಸೋಮಾರಿ ಎಂದ, ಅದನ್ನೂ ನುಂಗಿದಳು. ಕೊನೆಗೆ ಅವನು, "ಒಬ್ಬಳು ಬಾಯಿಗೆ ಬಂದ ಬುರುಡೆ ಬಿಡುದು, ಇಬ್ಬರು ಬಾಯಿ ಬಿಟ್ಟು ಕೂರುದು! ಪುಸ್ತಕ ಬರೀ ನೆವ. ಇವಳು ಹೇಳುದು ಒಂದಾದ್ರೂ ಅದರಲ್ಲಿ ಇರ್ಲಿಕ್ಕಿಲ್ಲ" ಎಂದ.

ಆಗ ಅವಳ ತಲೆ ಮೇಲೆದ್ದಿತು.

"ರೈಟರೇ, ಹಾಲು ಕೆಟ್ಟದ್ದಕ್ಕೆ ಎಂತ ಬೇಕಾದ್ರೂ ಹೇಳಿ. ಆದ್ರೆ ನಾನು ಓದಿದ್ದನ್ನು ಓದ್ಲಿಲ್ಲ ಅಂತ ಹೇಳ್ಬೇಡಿ. ಬೆರಳಿಟ್ಟು ಓದಿದ್ದೇನೆ. ಇದ್ರಲ್ಲಿ ಉಂಟು."

"ಬಸ್ಸಿಗೆ ಹೋದ ಹುಂಜವೂ ಉಂಟಾ?"

"ಅದು ನನ್ನದು. ಇದು ಪುಸ್ತಕದ್ದು. ನನಗೆ ವ್ಯತ್ಯಾಸ ಗೊತ್ತುಂಟು."

ಕುಶಾಲಪ್ಪ ಕೆಮ್ಮಿದ. ಪಾತು ಮರ ನೋಡಿದಳು. ಅಂದರೆ ಅವರಿಗೂ ನಂಬಿಕೆಯಿರಲಿಲ್ಲ! ಇಷ್ಟು ದಿನ ಜೊತೆಗೆ ಕೂತವರು, ಕಣ್ಣೀರು ಹಾಕಿದವರು, ಎಲ್ಲವೂ ಶೀಲಾವತಿಯ ಹುಂಜವೇ ಎಂದುಕೊಂಡಿದ್ದರು. ಅವಳಿಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

"ಹಾಗಾದ್ರೆ ನೋಡುವ," ಎಂದ ಮುರಳಿಕೃಷ್ಣ. "ಆದಿತ್ಯವಾರ ಲೈಬ್ರರಿಗೆ ಬನ್ನಿ. ನೀವು ಹೇಳಿದ್ದನ್ನೆಲ್ಲ ಭವಿತಾ ಪುಸ್ತಕದಲ್ಲಿ ತೋರಿಸ್ಲಿ. ಎಲ್ಲ ಇದ್ರೆ ಇಲ್ಲೇ ಕೂತು ಓದಿ, ನಾನು ಮಾತಾಡುದಿಲ್ಲ. ಒಂದೇ ಒಂದು ಇಲ್ದಿದ್ರೂ ಇನ್ನು ತೋಟಕ್ಕೆ ಪುಸ್ತಕ ತರುವ ಹಾಗಿಲ್ಲ."

"ಆಯ್ತು," ಎಂದಳು ಶೀಲಾವತಿ, ಒಂದು ಕ್ಷಣವೂ ತಡೆಯದೆ. ಹೇಳಿದ ಮೇಲೆ ಅವಳಿಗೆ ಏನೋ ನೆನಪಾಯಿತು. ಮುಖದ ಬಣ್ಣ ಸ್ವಲ್ಪ ಇಳಿಯಿತು. ಬೇರೆ ಯಾರೂ ಅದನ್ನು ಗಮನಿಸಲಿಲ್ಲ.

ಅವಳಿಗೆ ಹಾಲಿಗಾಗಿ ಕಾಯುವ ಆ ಹೊತ್ತು ಎಂದರೆ ಏನೆಂದು ಮುರಳಿಕೃಷ್ಣನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಗಂಡ ವೆಂಕಪ್ಪ ಟಿವಿಯನ್ನು ಆರಿಸುವವನಲ್ಲ. ದನ, ಒಲೆ, ಬಾವಿ ಯಾವುದೂ ಅವಳನ್ನು ಬಿಡುತ್ತಿರಲಿಲ್ಲ. ಇಡೀ ದಿನದಲ್ಲಿ ಯಾರೂ ಕೆಲಸ ಹೇಳದ ಹೊತ್ತು ಹಾಲು ಇಳಿಯುವ ಹೊತ್ತು ಒಂದೇ. ಅಲ್ಲಿ ಪುಸ್ತಕ ಇಲ್ಲವೆಂದರೆ ಅವಳಿಗೆ ಎಲ್ಲಿಯೂ ಇಲ್ಲ.

ಆದಿತ್ಯವಾರ ಲೈಬ್ರರಿಗೆ ಮೂವರು ಬರಬೇಕಿತ್ತು, ಜೀಪು ತುಂಬಾ ಬಂದರು. ಇಡೀ ನೆಕ್ಕರೆಕಾನವೇ ಬಂದಿತ್ತು. ಭವಿತಾ ಕುರ್ಚಿ ಸಾಲದೆ ಪೇಪರಿನ ಕಟ್ಟುಗಳ ಮೇಲೆ ಜನರನ್ನು ಕೂರಿಸಿದಳು. ಮುರಳಿಕೃಷ್ಣ ಒಳ್ಳೆಯ ಅಂಗಿ ಹಾಕಿ, ಪಾತು ಮತ್ತು ಕುಶಾಲಪ್ಪನಿಂದ ಕೇಳಿ ಬರೆದುಕೊಂಡ ಪಟ್ಟಿ ಹಿಡಿದು, ಕೋರ್ಟಿನ ವಕೀಲನ ಹಾಗೆ ನಿಂತ.

"ಸದ್ದು ತಿನ್ನುವ ಪ್ರಾಣಿ," ಎಂದ.

ಭವಿತಾ ಪುಟ ತಿರುಗಿಸಿ ಓದಿದಳು. ಇತ್ತು. ಮಗು ಅಳುವುದೂ ಇತ್ತು, ಕೇಳಿಸದಿರುವುದೂ ಇತ್ತು. ಪೇಪರಿನ ಕಟ್ಟುಗಳ ಮೇಲೆ ಗುಸುಗುಸು ಎದ್ದಿತು.

"ಹಿಂದಿನ ದಿನಕ್ಕೆ ಹೋಗುವ ಬಾಗಿಲು."

ಇತ್ತು. ಕದ್ದು ತಿಂದ ಊಟವೂ ಇತ್ತು. ಅವನು ತಿಂದದ್ದು ಏನೆಂದೂ ಬರೆದಿತ್ತು.

"ಅಬ್ಬ!" ಎಂದ ಕುಶಾಲಪ್ಪ. ಅವನ ಮುಖದಲ್ಲಿ ನಾಚಿಕೆ ಕಾಣಿಸಿತು. "ಇಷ್ಟು ದಿನ ನಾನು ಲೊಟ್ಟೆ ಅಂತ ಹೇಳಿದ್ದೆಲ್ಲ ಅಚ್ಚಾಗಿ ಉಂಟಲ್ಲ ಮಾರಾಯ್ರೆ."

"ಕಬಕ, ಗುಂಡ್ಯ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಅಳತೆಯನ್ನು ಬಿಡುವ," ಎಂದ ಮುರಳಿಕೃಷ್ಣ, ದೊಡ್ಡ ಮನಸ್ಸು ಮಾಡಿ.

ಒಂದೊಂದು ಸಲ ಇತ್ತು ಎಂದಾಗಲೂ ಶೀಲಾವತಿಯ ಬೆನ್ನು ನೆಟ್ಟಗಾಗುತ್ತಿತ್ತು. ಮೂರನೇ ಕ್ಲಾಸಿನ ಬೆರಳು ಎಷ್ಟು ದಪ್ಪದ ಪುಸ್ತಕ ದಾಟಿದೆ ನೋಡಿ ಎನ್ನುವ ಹಾಗೆ ಅವಳು ಆ ಬೆರಳನ್ನು ಮಡಿಲಿನಲ್ಲಿ ಎದ್ದುಕಾಣುವಂತೆ ಇಟ್ಟುಕೊಂಡಿದ್ದಳು.

"ಕಡೆಯದ್ದು," ಎಂದ ಮುರಳಿಕೃಷ್ಣ. "ಬೆಳಕಿನ ಹಾಲು ತೆಗೆಯುವ ಅಜ್ಜಿ."

"ಅದು ಉಂಟು, ಅದು ಉಂಟು," ಎಂದು ಪಾತು ಮೊದಲೇ ತೀರ್ಪು ಕೊಟ್ಟಳು. "ಅದೊಂದು ನನಗೆ ಮೊದಲೇ ಗೊತ್ತಿತ್ತು."

ಭವಿತಾ ಮುಂದೆ ತಿರುಗಿಸಿದಳು. ಹಿಂದೆ ತಿರುಗಿಸಿದಳು. ಕಿಟಕಿ ಸಿಕ್ಕಿತು, ನೀಲಿ ನೆಲ ಸಿಕ್ಕಿತು, ಮುಗಿಬಿದ್ದ ಜನ ಸಿಕ್ಕಿದರು. ಅಜ್ಜಿ ಸಿಗಲಿಲ್ಲ.

"ಪುಟ ಹರಿದು ಹೋಗಿದೆ!" ಎಂದಳು ಪಾತು. ಎದ್ದು ಬಂದು ಪುಸ್ತಕವನ್ನು ಬೆಳಕಿಗೆ ಹಿಡಿದಳು, ಬೆನ್ನು ತಟ್ಟಿದಳು, ತಲೆಕೆಳಗೆ ಕೊಡವಿದಳು. "ಯಾರೋ ಕಳ್ಳ ಬಡ್ಡಿಮಗ ಹರ್ದಿದ್ದಾನೆ. ಅಜ್ಜಿಯ ಪುಟ ಚಂದ ಉಂಟು ಅಂತ ಮನೆಗೆ ತಗೊಂಡು ಹೋಗಿದ್ದಾನೆ. ಭವಿತಾ, ನೀನು ಎಂತದ್ದು ಕಾಯುದು ಇಲ್ಲಿ?"

"ನಂಬರ್ ಸಾಲಾಗಿ ಉಂಟು ಪಾತಕ್ಕ..."

"ನಂಬರ್ ತಪ್ಪು ಹಾಕಿರ್ಬಹುದು!" ಎಂದ ಕುಶಾಲಪ್ಪ. ಜೀವಮಾನವಿಡೀ ಏನನ್ನೂ ನಂಬದವನು ಈಗ ಅಜ್ಜಿಯ ಪರವಾಗಿ ಅಚ್ಚುಕೂಟದ ಮೇಲೆಯೇ ಯುದ್ಧಕ್ಕೆ ನಿಂತಿದ್ದ. "ಅಜ್ಜಿ ಇಲ್ದೆ ಹಡಗಿಗೆ ದೀಪ ಎಲ್ಲಿಂದ? ಪುಸ್ತಕವೇ ಸರಿ ಇಲ್ಲ. ಬೇರೆ ಕಡೆಯಿಂದ ಒಂದು ತರಿಸಿ ನೋಡಿ."

ಜನ ಹೌದು ಹೌದೆಂದರು. ವಿಚಿತ್ರವೆಂದರೆ ಮುರಳಿಕೃಷ್ಣನೂ ಮೆತ್ತಗಾದ. "ಹಳೇ ಪ್ರತಿ. ಒಂದು ಹಾಳೆ ಹೋಗಿರ್ಲಿಕ್ಕೂ ಸಾಕು," ಎಂದು ಶೀಲಾವತಿಯ ಕಡೆ ನೋಡಿದ. "ಎಂತ ಹೇಳ್ತೀರಿ? ನೀವು ಓದುವಾಗ ಪುಟ ಇತ್ತಲ್ಲ?"

ಪಾತು ಅವಳಿಗೆ ಕಣ್ಣು ಹೊಡೆದಳು. ಇತ್ತು ಎಂದರೆ ಮುಗಿಯಿತು. ಬರೀ ಎರಡಕ್ಷರ. ಹುಂಜಕ್ಕೆ ಬಸ್ಸಿನ ಸೀಟು ಕೊಡಿಸಿದವಳಿಗೆ ಒಂದು ಹಾಳೆ ಹರಿಯುವುದು ಯಾವ ಲೆಕ್ಕ? ನಾಳೆಯಿಂದ ಮತ್ತೆ ಮರದ ಬುಡ, ಮತ್ತೆ ಪುಸ್ತಕ, ಎರಡು ಚಂದ್ರ ಇರುವ ಊರು.

ಶೀಲಾವತಿ ಎದ್ದು ನಿಂತಳು. ಇಡೀ ಕೋಣೆ ಅಜ್ಜಿಗೋಸ್ಕರ ಜಗಳಾಡುತ್ತಿದೆ. ಅಚ್ಚಾದದ್ದನ್ನೆಲ್ಲ ಲೊಟ್ಟೆ ಎಂದವರು ಅಚ್ಚಾಗದ ಒಂದನ್ನೇ ನಿಜವೆಂದು ಹಿಡಿದಿದ್ದಾರೆ. ಯಾರೋ ಕಳ್ಳ ಹರಿದನೆಂದರೆ ಅಜ್ಜಿ ಆ ಪುಸ್ತಕ ಬರೆದವನ ಪಾಲಾಗುತ್ತಾಳೆ. ಅವನಿಗೆ ಅಷ್ಟು ದೊಡ್ಡ ಹಡಗು ಉಂಟು. ಅಜ್ಜಿಯನ್ನೂ ಕೊಡುವುದೇ?

"ಪುಟ ಇರ್ಲಿಲ್ಲ," ಎಂದಳು. "ಅಜ್ಜಿ ನನ್ನವಳು."

ಪಾತುವಿನ ಕೈಯಿಂದ ಪುಸ್ತಕ ತೆಗೆದುಕೊಂಡಳು.

"ಹಡಗಿನಲ್ಲಿ ಕ್ಯಾಪ್ಟನ್ ಉಂಟು, ವಿಜ್ಞಾನಿ ಉಂಟು, ಮಾತಾಡುವ ಯಂತ್ರ ಉಂಟು. ಅಷ್ಟು ತಲೆಮಾರು ದೀಪ ಉರೀತದೆ, ಯಾರು ಉರಿಸುದು ಅಂತ ಬರೀಲೇ ಇಲ್ಲ ಅವ. ನಾನು ಪುಟ ತಿರುಗಿಸ್ತಾ ಹೋದೆ, ಈಗ ಬರ್ತದೆ, ಈಗ ಬರ್ತದೆ ಅಂತ. ಬರ್ಲೇ ಇಲ್ಲ. ನನಗೆ ತಡೀಲಿಲ್ಲ. ಒಬ್ಬಳನ್ನು ಒಳಗೆ ಬಿಟ್ಟೆ." ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಿಮಗೆಲ್ಲ ಯಾವುದು ಪುಸ್ತಕದ್ದು, ಯಾವುದು ನನ್ನದು ಅಂತ ಗೊತ್ತಾಗ್ಲಿಲ್ಲ ಅಲ್ವಾ? ಆಯ್ತು. ನಾನು ಸೋತೆ."

ಸೋತೆ ಎಂದು ಅಷ್ಟು ಎದೆಯುಬ್ಬಿಸಿ ಹೇಳಿದವರನ್ನು ಆ ಪಂಚಾಯತಿ ಕಂಡಿರಲಿಲ್ಲ. ಅಲ್ಲಿ ಎಷ್ಟೋ ಚುನಾವಣೆಗಳಾಗಿದ್ದವು. ಪುಸ್ತಕವನ್ನು ಅವಳು ಭವಿತಾಳ ಮೇಜಿನ ಮೇಲಿಟ್ಟು, ರಟ್ಟನ್ನು ಒಮ್ಮೆ ಸವರಿ, ಹೊರಗೆ ನಡೆದಳು.

ಪಾತು ಮಾತ್ರ ಹಿಂದೆಯೇ ನಿಂತಳು. "ಆ ಬರ್ದವನಿಗೆ ಫೋನ್ ಮಾಡಿ ಹೇಳು ಭವಿತಾ," ಎಂದಳು, "ನಿನ್ನ ಹಡಗಿನಲ್ಲಿ ಒಂದು ಅಜ್ಜಿ ಬಿಟ್ಟು ಹೋಗಿದೆ ಅಂತ. ಮುಂದಿನ ಸಲ ಅಚ್ಚು ಹಾಕುವಾಗ ಸೇರಿಸ್ಲಿ."

ಮರುದಿನ ಶೀಲಾವತಿ ಬರಿಗೈಯಲ್ಲಿ ತೋಟಕ್ಕೆ ಬಂದಳು. ಮರ ಗೀರಿದಳು, ಹಾಲು ಇಳಿಯತೊಡಗಿತು, ಕೂತಳು. ಮಾತು ಕೊಟ್ಟ ಮೇಲೆ ಮುಗಿಯಿತು. ಕುಶಾಲಪ್ಪ ಬೀಡಿ ಹಚ್ಚಿ ಆರಿಸಿದ. ಪಾತು ಒಂದು ಎಲೆಯನ್ನು ಹರಿದು ಹರಿದು ನೂಲು ಮಾಡಿದಳು. ಹಾಲು ಇಷ್ಟು ನಿಧಾನ ಇಳಿಯುತ್ತದೆಂದು ಮೂವರಿಗೂ ಅವತ್ತೇ ಗೊತ್ತಾದದ್ದು.

ಒಣಗಿದ ಎಲೆಗಳ ಮೇಲೆ ಸರಬರ ಸದ್ದಾಯಿತು. ಮುರಳಿಕೃಷ್ಣ ಬರುತ್ತಿದ್ದ. ಒಂದು ಕೈಯಲ್ಲಿ ಶೆಡ್ಡಿನಲ್ಲಿ ತೂಗುಹಾಕಿದ್ದ ಗಂಟೆ. ಕಂಕುಳಲ್ಲಿ 'ನೂರು ತಲೆಮಾರಿನ ಹಡಗು'.

"ನನ್ನ ಹೆಸರಿಗೆ ಬರೆಸಿ ತಂದದ್ದು," ಎಂದ, ಯಾರ ಮುಖವನ್ನೂ ನೋಡದೆ. "ನೀವು ತರ್ಲಿಕ್ಕಿಲ್ಲ ಅಂತ ಮಾತು. ನಾನು ತರ್ಲಿಕ್ಕಿಲ್ಲ ಅಂತ ಯಾರು ಹೇಳಿದ್ದಾರೆ? ಹೊತ್ತಾದ ಕೂಡ್ಲೆ ಗಂಟೆ ಹೊಡೀತೇನೆ. ಹಡಗು ಮುಳುಗಿದ್ರೂ ಏಳ್ಬೇಕು."

ಶೀಲಾವತಿ ಪುಸ್ತಕಕ್ಕೆ ಕೈಚಾಚಿದಳು. ಅವನು ಕೊಡಲಿಲ್ಲ. ಅವಳೆದುರಿನ ಕಲ್ಲಿನ ಮೇಲಿದ್ದ ತರಗೆಲೆ ಝಾಡಿಸಿ, ಒಳ್ಳೆಯ ಪ್ಯಾಂಟು ಮೇಲೆಳೆದುಕೊಂಡು ಕೂತ.

"ಇದು ಆಮೇಲೆ," ಎಂದ. "ಮೊದಲು ಹೇಳಿ. ಆ ಹೆಪ್ಪುಗಟ್ಟಿದ ಬೆಳಕನ್ನು ಅಜ್ಜಿ ಎಂತ ಮಾಡಿದ್ಲು?"

ಅವಳು ಅವನನ್ನೊಮ್ಮೆ ನೋಡಿದಳು, ಪಾತುವನ್ನು ನೋಡಿದಳು, ಆಗಲೇ ಹತ್ತಿರ ಸರಿಯುತ್ತಿದ್ದ ಕುಶಾಲಪ್ಪನನ್ನು ನೋಡಿದಳು. ಆಮೇಲೆ ಬೆನ್ನನ್ನು ಮರಕ್ಕೆ ಒರಗಿಸಿ ಕಾಲು ಚಾಚಿದಳು.

"ಎಂತ ಮಾಡುದು? ಗೆರಟೆಯಿಂದ ಎಬ್ಬಿಸಿದ್ಲು. ಹಡಗಿನಲ್ಲಿ ಕತ್ತಲೆ, ಮಕ್ಕಳೆಲ್ಲ ಹೆದರಿ ಅಳ್ತಾ ಉಂಟು. ಒಂದು ಮುದ್ದೆ ತೆಗ್ದು ನೆಲಕ್ಕೆ ಎತ್ತಿ ಹಾಕಿದ್ಲು. ಅದು ಪುಟಿಯಿತು ನೋಡಿ ರೈಟರೇ, ಪುಟಿದಲ್ಲೆಲ್ಲ ಬೆಳಕು! ಗೋಡೆಗೆ ತಾಗಿದ್ರೆ ಗೋಡೆ ಬೆಳಕು, ಮಕ್ಕಳ ಕೈಗೆ ಸಿಕ್ಕಿದ್ರೆ ಕೈ ಬೆಳಕು. ಆ ಚೆಂಡು ಪುಟೀತಾ ಪುಟೀತಾ..."

"ಎಷ್ಟು ಎತ್ತರ?" ಎಂದು ಕೇಳಿದ ಮುರಳಿಕೃಷ್ಣ.

"ಶಿರಾಡಿ ಘಾಟಿಯ ಬುಡದಿಂದ ತುದಿಗೆ," ಎಂದ ಕುಶಾಲಪ್ಪ, ಶೀಲಾವತಿ ಬಾಯಿ ತೆರೆಯುವ ಮೊದಲೇ.